ಹರಿದ ಮೂಲೆಯ ಭಿತ್ತಿಪತ್ರ: ಆಲ್ಬರ್ಟ್ ಹಾನ್ ಹೆಸರಿನ ಒಂದು ಚುನಾವಣಾ ಪೋಸ್ಟರಿನ ಪ್ರಕರಣ

ನೆದರ್‌ಲ್ಯಾಂಡ್ಸ್‌ನ ಸಣ್ಣ ವಸ್ತುಸಂಗ್ರಹಾಲಯವೊಂದರಲ್ಲಿ ಒಂದು ಹಳೆಯ ಚುನಾವಣಾ ಭಿತ್ತಿಪತ್ರವನ್ನು ಬರೆದವರು ಯಾರು, ಅದು ಯಾವ ವರ್ಷದ್ದು ಎಂಬ ಪ್ರಶ್ನೆ ಎದ್ದಾಗ ನಡೆದ ಕೆಲಸದ ವಿವರ ಇದು. ದಾಖಲಾತಿಯ ಹೊಣೆ ಹೊತ್ತವರಲ್ಲಿ ನಾನೂ ಒಬ್ಬನಾಗಿದ್ದೆ. ಊರು, ಸಂಸ್ಥೆ ಮತ್ತು ವ್ಯಕ್ತಿಗಳ ಹೆಸರುಗಳನ್ನು ಬಿಟ್ಟಿದ್ದೇನೆ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತೀರ್ಮಾನಗಳು ಯಾವ ಕ್ರಮದಲ್ಲಿ ಮೂಡಿದವು ಮತ್ತು ಎಲ್ಲಿ ದಿಕ್ಕು ಬದಲಿಸಿದವು ಎಂಬುದನ್ನು ಮಾತ್ರ ಇದ್ದಂತೆಯೇ ಇಟ್ಟಿದ್ದೇನೆ. ಹಳೆಯ ಮುದ್ರಿತ ಚಿತ್ರಗಳೊಂದಿಗೆ ಕೆಲಸ ಮಾಡುವ ಕನ್ನಡದ ಓದುಗರಿಗೆ, ವಿಶೇಷವಾಗಿ ಕುಟುಂಬಗಳ ಅಟ್ಟಗಳಿಂದ ಹೊರಬರುವ ಕಾಗದಗಳನ್ನು ಸಂಗ್ರಹಿಸಿ ಪಟ್ಟಿ ಮಾಡುವವರಿಗೆ, ಇದು ಉಪಯೋಗಕ್ಕೆ ಬರಬಹುದೆಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಹಿನ್ನೆಲೆ

ಡಚ್ ರಾಜಕೀಯ ವ್ಯಂಗ್ಯಚಿತ್ರಕಾರ ಆಲ್ಬರ್ಟ್ ಹಾನ್ 1877ರ ಮಾರ್ಚ್ 17ರಂದು ದೇಶದ ಉತ್ತರ ಭಾಗದ ಗ್ರೋನಿಂಗನ್ ನಗರದಲ್ಲಿ ಹುಟ್ಟಿದರು. ಬಾಲ್ಯದಲ್ಲಿಯೇ ಬೆನ್ನುಮೂಳೆಗೆ ಕ್ಷಯ ತಗುಲಿದ್ದರಿಂದ ಆಸ್ಪತ್ರೆಯ ಹಾಸಿಗೆ ಅವರಿಗೆ ಬಹುಬೇಗ ಪರಿಚಿತವಾಯಿತು; ಆ ಅನಾರೋಗ್ಯ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಗ್ರೋನಿಂಗನ್ನಿನಲ್ಲಿಯೂ ಆಮೇಲೆ ಆಮ್‌ಸ್ಟರ್‌ಡ್ಯಾಮಿನಲ್ಲಿಯೂ ಕಲೆ ಕಲಿತ ಅವರು 1902ರಿಂದ ಸೋಷಿಯಲ್ ಡೆಮಾಕ್ರಟಿಕ್ ಕಾರ್ಮಿಕ ಪಕ್ಷದ ದಿನಪತ್ರಿಕೆ 'ಹೆಟ್ ಫೋಲ್ಕ್'ನ ಭಾನುವಾರದ ಪುರವಣಿಗೆ ಚಿತ್ರ ಬರೆಯತೊಡಗಿದರು. ಆ ಪುರವಣಿಯೇ 1907ರಲ್ಲಿ 'ಡೆ ನೋಟೆನ್‌ಕ್ರಾಕರ್' ಎಂಬ ವ್ಯಂಗ್ಯವಾರಪತ್ರಿಕೆಯಾಯಿತು, ಮತ್ತು ಹಾನ್ ಅದರ ಮುಖ್ಯ ಕಲಾವಿದರಾದರು.

ಅವರ ಹೆಸರು ಮನೆಮಾತಾದದ್ದು 1903ರ ರೈಲ್ವೆ ಮುಷ್ಕರದ ಕಾಲದಲ್ಲಿ. ಆ ವರ್ಷದ ಜನವರಿಯಲ್ಲಿ ರೈಲು ನೌಕರರ ಮುಷ್ಕರ ಗೆದ್ದಿತು. ಅದಕ್ಕೆ ಉತ್ತರವಾಗಿ ಪ್ರಧಾನಿ ಅಬ್ರಹಾಂ ಕೈಪರ್ ಅವರ ಸರ್ಕಾರ ರೈಲು ನೌಕರರು ಮತ್ತು ಸರ್ಕಾರಿ ನೌಕರರು ಮುಷ್ಕರ ಹೂಡುವುದನ್ನು ಅಪರಾಧವಾಗಿಸುವ ಮಸೂದೆಗಳನ್ನು ತಂದಿತು. ಅವನ್ನು ತಡೆಯಲು ಏಪ್ರಿಲ್‌ನಲ್ಲಿ ನಡೆದ ಎರಡನೆಯ ಮುಷ್ಕರ ಸೋತಿತು. ಗೆಲುವಿನ ಹೊತ್ತಿನಲ್ಲಿ ಹಾನ್ ಬರೆದ ಚಿತ್ರದಲ್ಲಿ ಕಾರ್ಮಿಕನೊಬ್ಬ ದೈತ್ಯನಂತೆ ನಿಂತಿದ್ದಾನೆ, ರೈಲುಗಳು ಅವನ ಮುಂದೆ ಸಣ್ಣವಾಗಿ ಸ್ತಬ್ಧವಾಗಿವೆ. ಅವನ ಬಲಿಷ್ಠ ತೋಳು ಮನಸ್ಸು ಮಾಡಿದರೆ ಇಡೀ ಗಾಲಿಯಂತ್ರ ನಿಲ್ಲುತ್ತದೆ ಎಂಬ ಅರ್ಥದ ಸಾಲು ಜೊತೆಗಿದೆ. ಡಚ್ ಕಾರ್ಮಿಕ ಚಳವಳಿಯ ನೆನಪಿನಲ್ಲಿ ಇಷ್ಟು ಆಳವಾಗಿ ಬೇರುಬಿಟ್ಟ ಚಿತ್ರ ಮತ್ತೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಕೈಪರ್ ಅವರನ್ನಂತೂ ಹಾನ್ ವರ್ಷಗಟ್ಟಲೆ ಬಿಡದೆ ಬರೆದರು. 1904ರ ಆ ದೊಡ್ಡ ಮುಖದ ಚಿತ್ರವನ್ನು ಕಂಡವರು ಕೈಪರ್ ಅವರ ಛಾಯಾಚಿತ್ರವನ್ನು ಆಮೇಲೆ ನೋಡಿದರೂ ಹಾನ್‌ರ ಗೆರೆಯೇ ಮೊದಲು ಕಣ್ಣಿಗೆ ಬರುತ್ತದೆ.

ಪತ್ರಿಕೆಯ ವ್ಯಂಗ್ಯಚಿತ್ರ ಬರೆದ ಕೈಯೇ ಭಿತ್ತಿಪತ್ರವನ್ನೂ ಬರೆದಾಗ ಏನಾಗುತ್ತದೆ ಎಂಬುದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಪ್ರಕರಣದ ಮೊದಲ ವಾದ ನಿಂತದ್ದು ಅದರ ಮೇಲೆಯೇ. ಪತ್ರಿಕೆಯ ಚಿತ್ರವನ್ನು ಓದುಗ ಕೈಯಲ್ಲಿ ಹಿಡಿದು, ಕೆಳಗಿನ ಸಾಲುಗಳನ್ನು ಓದಿ, ವಾರದ ಸುದ್ದಿಯನ್ನು ನೆನಪಿಸಿಕೊಂಡು ಅರ್ಥಮಾಡಿಕೊಳ್ಳುತ್ತಾನೆ. ಅಲ್ಲಿ ಮಂತ್ರಿಯ ಮೂಗು, ಕೋಟಿನ ಗುಂಡಿ, ಮೇಜಿನ ಮೇಲಿನ ಕಾಗದ ಎಲ್ಲಕ್ಕೂ ಜಾಗವಿದೆ. ಭಿತ್ತಿಪತ್ರ ನೋಡುವವನು ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಿರುತ್ತಾನೆ. ಅವನಿಗೆ ಒಂದೇ ಆಕೃತಿ, ಎರಡು ಅಥವಾ ಮೂರು ಚಪ್ಪಟೆ ಬಣ್ಣ, ದೂರದಿಂದಲೇ ಓದಲಾಗುವ ಕೆಲವೇ ಪದ ಸಾಕು. ಹಾನ್ ಈ ವ್ಯತ್ಯಾಸವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅವರ ಗೆರೆ ಮೊದಲಿನಿಂದಲೂ ದಪ್ಪವಾಗಿ, ಆಕೃತಿಗಳು ಕಾಲೂರಿ ನಿಂತಂತೆ, ಕೈಗಳು ದೇಹದ ಅಳತೆಗಿಂತ ಒಂದಿಷ್ಟು ದೊಡ್ಡದಾಗಿ ಇರುತ್ತಿದ್ದವು. ಹಾಗಾಗಿ ಗೋಡೆಗೆ ಹೋದಾಗ ಆ ಗೆರೆ ಕಳೆಗುಂದದೆ ಇನ್ನಷ್ಟು ಗಟ್ಟಿಯಾಗಿ ಕಂಡಿತು. ಪುಸ್ತಕದ ಹೊದಿಕೆಗಳಂಥ ಅಲಂಕಾರಿಕ ಕೆಲಸವನ್ನೂ ಮಾಡಿದ್ದ ಅವರಿಗೆ ಅಕ್ಷರ ಮತ್ತು ಚಿತ್ರ ಒಂದೇ ಹಾಳೆಯ ಒಡೆಯರೆಂಬುದು ಗೊತ್ತಿತ್ತು.

ಹಾನ್ 1918ರ ಆಗಸ್ಟ್ 3ರಂದು, 41ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕುಟುಂಬದಲ್ಲಿಯೇ ಬೆಳೆದು ಅವರಿಂದ ಚಿತ್ರ ಕಲಿತ ಕಿರಿಯ ಕಲಾವಿದರೊಬ್ಬರು ಆಲ್ಬರ್ಟ್ ಹಾನ್ ಜೂನಿಯರ್ ಎಂಬ ಹೆಸರಿನಲ್ಲಿ, ಅದೇ ಪಕ್ಷಕ್ಕಾಗಿ, ಅದೇ ಬಗೆಯ ಭಿತ್ತಿಪತ್ರಗಳನ್ನು ಆಮೇಲೂ ಬರೆಯುತ್ತ ಹೋದರು. ಈ ಪ್ರಕರಣದ ಗಂಟು ಇರುವುದೇ ಇಲ್ಲಿ.

ಭಿತ್ತಿಪತ್ರ ಬಂದ ಬಗೆ

ಗಂಡಸರೆಲ್ಲರಿಗೂ ಮತದಾನದ ಹಕ್ಕು ಕೊಟ್ಟ 1917ರ ಸಂವಿಧಾನ ತಿದ್ದುಪಡಿಗೆ ನೂರು ವರ್ಷ ತುಂಬುವ ಹೊತ್ತಿಗೆ ಆ ಸಂಗ್ರಹಾಲಯ ಮತಾಧಿಕಾರದ ಹೋರಾಟದ ಬಗ್ಗೆ ಪ್ರದರ್ಶನವೊಂದನ್ನು ಯೋಜಿಸಿತ್ತು. 1911 ಮತ್ತು 1912ರ ಸೆಪ್ಟೆಂಬರಿನಲ್ಲಿ, ಸಂಸತ್ತಿನ ಅಧಿವೇಶನ ತೆರೆಯುವ ಮಂಗಳವಾರದಂದೇ, ಹೇಗ್ ನಗರದಲ್ಲಿ ಸಾವಿರಾರು ಕಾರ್ಮಿಕರು ಮತದಾನದ ಹಕ್ಕಿಗಾಗಿ ಸೇರಿದ 'ಕೆಂಪು ಮಂಗಳವಾರ'ಗಳಿಂದ ಹಿಡಿದು 1917ರವರೆಗಿನ ಕಥೆಯನ್ನು ಹೇಳುವುದು ಅವರ ಉದ್ದೇಶ. ಅದೇ ಸಮಯದಲ್ಲಿ ಊರಿನ ಕುಟುಂಬವೊಂದು ಹಿರಿಯರಿಂದ ಬಂದ ಕಾಗದಗಳನ್ನು ದಾನವಾಗಿ ತಂದಿತು. ಅಜ್ಜ ಕಾರ್ಮಿಕ ಸಂಘದಲ್ಲಿದ್ದವರು. ಸದಸ್ಯತ್ವದ ಚೀಟಿಗಳು, ಮೆರವಣಿಗೆಯ ಛಾಯಾಚಿತ್ರಗಳು, ಅವುಗಳ ನಡುವೆ ದಪ್ಪ ರಟ್ಟಿಗೆ ಅಂಟಿಸಿದ ಒಂದು ದೊಡ್ಡ ಭಿತ್ತಿಪತ್ರ.

ಕೆಂಪು, ಕಪ್ಪು ಮತ್ತು ಮಣ್ಣಿನ ಹಳದಿ ಬಣ್ಣಗಳಲ್ಲಿ ಅಚ್ಚಾದ ಹಾಳೆ ಅದು. ತೋಳು ಮಡಚಿದ ಅಂಗಿಯ ಕಾರ್ಮಿಕನೊಬ್ಬ ಬಲಗೈಯಲ್ಲಿ ಮತಪತ್ರವನ್ನು ಮೇಲೆತ್ತಿ ಹಿಡಿದಿದ್ದಾನೆ. ಅವನ ಎಡಕ್ಕೆ, ಅರ್ಧ ಹೆಜ್ಜೆ ಹಿಂದೆ, ಒಬ್ಬ ಹೆಂಗಸು. ಮೇಲ್ಗಡೆ, ಕೆಂಪಿಗೆ ಮತ ನೀಡಿ ಎಂಬ ಕರೆ. ಕೆಳಗಿನ ಭಾಗದ ಅಕ್ಷರಗಳ ಮೇಲೆ ಬೇರೊಂದು ಪಟ್ಟಿ ಕಾಗದವನ್ನು ಅಂಟಿಸಲಾಗಿತ್ತು. ಅದರಲ್ಲಿ ಊರಿನ ಸಭೆಯೊಂದರ ಜಾಗ, ವಾರ, ತಾರೀಖು ಮತ್ತು ಹೊತ್ತು ಇದ್ದವು, ವರ್ಷ ಇರಲಿಲ್ಲ. ಕೆಳಗಿನ ಬಲಮೂಲೆಯಲ್ಲಿ 'ಆಲ್ಬರ್ಟ್ ಹಾನ್' ಎಂಬ ಸಹಿ ಇತ್ತು. ಸಹಿಯ ಕೊನೆಯ ಅಕ್ಷರದ ಪಕ್ಕದಿಂದಲೇ ಮೂಲೆ ಹರಿದುಹೋಗಿತ್ತು.

ಪ್ರದರ್ಶನದ ಹೊಣೆ ಹೊತ್ತ ಸಂಗ್ರಹಾಧಿಕಾರಿಗೆ ಅದು ಬಯಸಿದ್ದೇ ಸಿಕ್ಕಂತಾಯಿತು. ದೇಶದ ಅತಿ ಪ್ರಸಿದ್ಧ ರಾಜಕೀಯ ವ್ಯಂಗ್ಯಚಿತ್ರಕಾರ, ಮತದಾನದ ವಿಷಯ, ಊರಿನದೇ ಕುಟುಂಬ! ಹೊತ್ತಗೆಯ ಮುಖಪುಟ, ಬೀದಿಯ ಜಾಹೀರಾತು, ಅಂಗಡಿಯಲ್ಲಿ ಮಾರುವ ಬಟ್ಟೆಚೀಲ ಮತ್ತು ಅಂಚೆಕಾರ್ಡುಗಳೆಲ್ಲದಕ್ಕೂ ಈ ಚಿತ್ರವನ್ನೇ ಬಳಸುವುದೆಂದು ಆರಂಭದಲ್ಲಿಯೇ ನಿಶ್ಚಯವಾಯಿತು. ವಿನ್ಯಾಸಕಾರರಿಗೆ ಛಾಯಾಚಿತ್ರವೂ ಹೋಯಿತು.

ಸಮಸ್ಯೆ

ಪಟ್ಟಿ ಮಾಡುವಾಗ ತುಂಬಬೇಕಾದ ಎರಡು ಅಂಕಣಗಳಿಂದ ತೊಡಕು ಆರಂಭವಾಯಿತು: ಕಲಾವಿದನ ಹೆಸರು ಮತ್ತು ವರ್ಷ. ಸಹಿ ಹರಿದ ಅಂಚಿಗೆ ತಾಗಿಯೇ ಮುಗಿಯುತ್ತಿದ್ದುದರಿಂದ ಅದರ ಮುಂದೆ 'ಜೂನಿಯರ್' ಎಂಬುದನ್ನು ಸೂಚಿಸುವ ಎರಡಕ್ಷರ ಇತ್ತೋ ಇಲ್ಲವೋ ಎಂದು ಹೇಳಲು ಬರುತ್ತಿರಲಿಲ್ಲ. ಇದು ಪಾಂಡಿತ್ಯದ ಸಣ್ಣ ಜಗಳವಾಗಿ ಉಳಿಯುವಂಥದ್ದಲ್ಲ. ಡಚ್ ಕಾನೂನಿನಲ್ಲಿ ಕೃತಿಸ್ವಾಮ್ಯ ಕಲಾವಿದ ತೀರಿಕೊಂಡ ವರ್ಷದ ನಂತರ 70 ವರ್ಷ ಇರುತ್ತದೆ; ಭಾರತದಲ್ಲಿ ಆ ಅವಧಿ 60 ವರ್ಷ. ಹಿರಿಯ ಹಾನ್‌ರ ಚಿತ್ರಗಳ ಹಕ್ಕು ಎಂದೋ ಮುಗಿದಿತ್ತು. ಕಿರಿಯರು ಬದುಕಿದ್ದು 1950ರ ದಶಕದವರೆಗೆ. ಎಂದರೆ ಪ್ರದರ್ಶನದ ಹೊತ್ತಿಗೆ ಅವರ ಚಿತ್ರಗಳ ಮೇಲಿನ ಹಕ್ಕು ಜೀವಂತವಾಗಿತ್ತು. ಮೂಲ ಹಾಳೆಯನ್ನು ಗೋಡೆಗೆ ತೂಗುಹಾಕಲು ಅಡ್ಡಿಯಿರಲಿಲ್ಲ, ಆದರೆ ಚೀಲ ಮತ್ತು ಕಾರ್ಡುಗಳ ಮೇಲೆ ಅಚ್ಚುಹಾಕಿ ಮಾರಲು ಹಕ್ಕುದಾರರ ಅನುಮತಿ ಬೇಕಿತ್ತು. ಹರಿದ ಆ ಬೆರಳಗಲದ ಕಾಗದದಲ್ಲಿ ಏನಿತ್ತು ಎಂಬುದರ ಮೇಲೆ ಇಡೀ ಯೋಜನೆ ನಿಂತಿತು.

ಎರಡನೆಯ ತೊಡಕು ಕಥೆಗೆ ಸಂಬಂಧಿಸಿದ್ದು. ಪ್ರದರ್ಶನ 1917ರಲ್ಲಿ ಮುಗಿಯುವ ಹೋರಾಟದ ಬಗ್ಗೆ. ಭಿತ್ತಿಪತ್ರ ಅದಕ್ಕಿಂತ ಈಚಿನದಾದರೆ ಅದು ಹೋರಾಟದ ಚಿತ್ರವೇ ಅಲ್ಲ, ಹೋರಾಟ ಗೆದ್ದ ಮೇಲಿನ ಚುನಾವಣೆಯ ಚಿತ್ರ.

ಮೊದಲ ಪ್ರಯತ್ನ: ಕೈಬರಹದಂತೆ ಗೆರೆಯನ್ನು ಓದುವುದು

ಸಂಗ್ರಹಾಧಿಕಾರಿ ಮೊದಲು ಹಿಡಿದದ್ದು ಶೈಲಿಯ ದಾರಿ. ಆಮ್‌ಸ್ಟರ್‌ಡ್ಯಾಮಿನ ಅಂತರರಾಷ್ಟ್ರೀಯ ಸಾಮಾಜಿಕ ಇತಿಹಾಸ ಸಂಸ್ಥೆ 1935ರಿಂದ ಕಾರ್ಮಿಕ ಚಳವಳಿಯ ಕಾಗದಪತ್ರಗಳನ್ನೂ ಭಿತ್ತಿಪತ್ರಗಳನ್ನೂ ಕೂಡಿಡುತ್ತ ಬಂದಿದೆ. ಅದರ ಸಂಗ್ರಹದ ಡಿಜಿಟಲ್ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಲಾಯಿತು. ಮುಷ್ಟಿಯ ಮೂಳೆಗಳನ್ನು ಮೂರೇ ಗೆರೆಯಲ್ಲಿ ತೋರಿಸುವ ರೀತಿ, ಹುಬ್ಬಿನ ಕೆಳಗೆ ಕಣ್ಣನ್ನು ಬರೆಯದೆ ಕಪ್ಪು ನೆರಳಾಗಿ ಬಿಡುವುದು, ಅಂಗಿಯ ಮಡಿಕೆಗಳ ಭಾರ. ಎಲ್ಲವೂ ಹಿರಿಯ ಹಾನ್‌ರಂತೆಯೇ ಇದ್ದವು, ಮತ್ತು ಅವರ ವಾದವನ್ನು ಕೇಳಿದಾಗ ನಾವೆಲ್ಲ ಒಪ್ಪುವ ಹಂತಕ್ಕೆ ಬಂದಿದ್ದೆವು.

ಆದರೆ ಈ ಸಾಕ್ಷ್ಯಕ್ಕೆ ಒಂದು ಮೂಲಭೂತ ಮಿತಿಯಿದೆ. ಗುರುವಿನ ಮನೆಯಲ್ಲಿಯೇ ಬೆಳೆದು, ಗುರುವಿನ ಪತ್ರಿಕೆಗೇ ಬರೆದು, ಗುರುವಿನ ಹೆಸರನ್ನೇ ತನ್ನ ಹೆಸರಾಗಿ ಹೊತ್ತ ಶಿಷ್ಯನಲ್ಲಿ ಗುರುವಿನ ಗೆರೆ ಕಾಣದಿದ್ದರೆ ಅಚ್ಚರಿಪಡಬೇಕು; ಕಂಡರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಸಂಗೀತದ ಮನೆತನವೊಂದರ ಇಬ್ಬರು ಹಾಡಿದ ಹಳೆಯ ಧ್ವನಿಮುದ್ರಿಕೆಯನ್ನು ಕೇಳಿ, ಗಮಕ ನೋಡಿ ಇದು ಅಪ್ಪನದು ಎನ್ನುವಷ್ಟೇ ಅಪಾಯಕಾರಿ ತೀರ್ಪು ಅದು. ಅದರಲ್ಲೂ ಭಿತ್ತಿಪತ್ರದಲ್ಲಿ ಕಲಾವಿದನ ಕೈಯ ಸಣ್ಣ ನಡುಕಗಳು, ಅವಸರ, ತಿದ್ದುಪಡಿ ಎಲ್ಲವೂ ಅಡಗುತ್ತವೆ. ಚಪ್ಪಟೆ ಬಣ್ಣದ ದೊಡ್ಡ ಚಿತ್ರಗಳು ಪತ್ರಿಕೆಯ ಮಸಿಚಿತ್ರಗಳಿಗಿಂತ ಹೆಚ್ಚು ಒಂದನ್ನೊಂದು ಹೋಲುತ್ತವೆ.

ಮುದ್ರಣಾಲಯದಲ್ಲಿ ದುಡಿದು ನಿವೃತ್ತರಾದ ಸ್ವಯಂಸೇವಕರೊಬ್ಬರು ಭೂತಗನ್ನಡಿ ಹಿಡಿದು ಹಾಳೆಯನ್ನು ನೋಡಿದರು. ಛಾಯಾಯಾಂತ್ರಿಕ ಮುದ್ರಣದ ಚುಕ್ಕಿಗಳು ಎಲ್ಲಿಯೂ ಇರಲಿಲ್ಲ. ಜಿಡ್ಡಿನ ಬಳಪದ ಒರಟು ಕಣಗಳು ಕಾಣುತ್ತಿದ್ದವು. ಎಂದರೆ ಕಲ್ಲಚ್ಚು, ಪ್ರತಿ ಬಣ್ಣಕ್ಕೂ ಬೇರೆ ಬೇರೆ ಕಲ್ಲಿನ ಮೇಲೆ ಕೈಯಲ್ಲಿ ಬರೆದದ್ದು. ಜಿಡ್ಡಿದ್ದಲ್ಲಿ ಮಸಿ ಹಿಡಿಯುತ್ತದೆ, ನೀರು ನಿಂತಲ್ಲಿ ಮಸಿ ಹತ್ತುವುದಿಲ್ಲ ಎಂಬ ಸರಳ ತತ್ವದ ಮೇಲೆ ನಡೆಯುವ ಈ ಮುದ್ರಣ 1910ರಲ್ಲಿಯೂ ಇತ್ತು, 1925ರಲ್ಲಿಯೂ ಇತ್ತು. ಹಾಗಾಗಿ ವರ್ಷದ ಪ್ರಶ್ನೆಗೆ ಅದರಿಂದ ಉತ್ತರ ಬರಲಿಲ್ಲ, ಆದರೆ ಅವರ ಆ ದಿನದ ಟಿಪ್ಪಣಿ ಆಮೇಲೆ ಬಹಳ ಮುಖ್ಯವಾಯಿತು.

ಎರಡನೆಯ ಪ್ರಯತ್ನ: ಚಿತ್ರದಲ್ಲಿರುವ ಹೆಂಗಸು

ಶೈಲಿಯ ವಾದ ನಿಂತಲ್ಲೇ ನಿಂತಾಗ ತಂಡದ ಇನ್ನೊಬ್ಬರು ವಿಷಯದ ಕಡೆ ತಿರುಗಿದರು. 1917ರ ತಿದ್ದುಪಡಿಗೆ ಮುಂಚೆ ಡಚ್ ಚುನಾವಣೆಗಳು ಕ್ಷೇತ್ರಗಳಲ್ಲಿ ಅಭ್ಯರ್ಥಿಯ ಹೆಸರಿನ ಮೇಲೆ ನಡೆಯುತ್ತಿದ್ದವು. ಆಮೇಲೆ ಪ್ರಮಾಣಾನುಗುಣ ಪ್ರಾತಿನಿಧ್ಯ ಬಂದು ಪಕ್ಷಗಳ ಪಟ್ಟಿಗೆ ಮತ ಹಾಕುವ ಪದ್ಧತಿ ಆರಂಭವಾಯಿತು. ನಮ್ಮ ಭಿತ್ತಿಪತ್ರದಲ್ಲಿ ಅಭ್ಯರ್ಥಿಯ ಹೆಸರಿಲ್ಲ, ಬಣ್ಣಕ್ಕೆ ಮತ ಕೇಳಲಾಗಿದೆ. ಇದು ಹೊಸ ಪದ್ಧತಿಯ ಕಾಲದ್ದಿರಬಹುದೆಂದು ಸೂಚನೆ ಸಿಕ್ಕಿತು. ಹೊಸ ಪದ್ಧತಿಯ ಮೊದಲ ಚುನಾವಣೆ ನಡೆದದ್ದು 1918ರ ಜುಲೈ 3ರಂದು. ಹಿರಿಯ ಹಾನ್ ತೀರಿಕೊಂಡದ್ದು ಅದಾದ ಸರಿಯಾಗಿ ಒಂದು ತಿಂಗಳಿಗೆ. ಆ ಚುನಾವಣೆಗೆ ಅವರು ಬರೆದಿರಬಹುದು. ಅವರ ಆರೋಗ್ಯ ಕೆಟ್ಟಿದ್ದುದರಿಂದ ಕಿರಿಯರೂ ಬರೆದಿರಬಹುದು. ಇಬ್ಬರೂ ಉಳಿದರು.

ಆಗ ಚಿತ್ರದ ಹೆಂಗಸನ್ನೇ ಸಾಕ್ಷಿಯಾಗಿ ಕರೆಯುವ ಯೋಚನೆ ಬಂತು. ಹೆಂಗಸರಿಗೆ ಮತ ಹಾಕುವ ಹಕ್ಕು ಬಂದದ್ದು 1919ರಲ್ಲಿ. ಸಂಸತ್ತಿನ ಚುನಾವಣೆಯಲ್ಲಿ ಅವರು ಮೊದಲು ಮತ ಹಾಕಿದ್ದು 1922ರ ಜುಲೈ 5ರಂದು. ಭಿತ್ತಿಪತ್ರದಲ್ಲಿ ಹೆಂಗಸಿದ್ದಾಳೆ, ಆದ್ದರಿಂದ ಇದು 1922ರದ್ದು, ಆದ್ದರಿಂದ ಕಿರಿಯರದ್ದು ಎಂಬ ವಾದ ಕೇಳಲು ಚೊಕ್ಕಟವಾಗಿತ್ತು. ಸಂಗ್ರಹಾಧಿಕಾರಿ ಇದನ್ನು ಒಪ್ಪಲಿಲ್ಲ, ಮತ್ತು ಅವರು ಒಪ್ಪದಿದ್ದುದು ನ್ಯಾಯವಾಗಿತ್ತು. 1917ರ ತಿದ್ದುಪಡಿ ಹೆಂಗಸರಿಗೆ ಮತ ಹಾಕುವ ಹಕ್ಕನ್ನು ಕೊಡದಿದ್ದರೂ ಚುನಾವಣೆಗೆ ನಿಲ್ಲುವ ಹಕ್ಕನ್ನು ಕೊಟ್ಟಿತ್ತು. 1918ರಲ್ಲಿ ಸಂಸತ್ತಿಗೆ ಆರಿಸಿಬಂದ ಮೊದಲ ಮಹಿಳೆ ಸೂಸೆ ಗ್ರೂನೆವೇಗ್ ಇದೇ ಪಕ್ಷದವರು. ಅದಕ್ಕಿಂತ ಮುಂಚೆಯೂ ಕಾರ್ಮಿಕನ ಪಕ್ಕ ಹೆಂಡತಿ ಮಕ್ಕಳನ್ನು ನಿಲ್ಲಿಸಿ, ಈ ಮತ ಅವರ ಅನ್ನಕ್ಕಾಗಿ ಎಂದು ಹೇಳುವುದು ಕಾರ್ಮಿಕ ಪಕ್ಷಗಳ ಚಿತ್ರಗಳಲ್ಲಿ ಹೊಸದಲ್ಲ. ಹೆಂಗಸು ಚಿತ್ರದಲ್ಲಿರುವುದು ಬೇರೆ, ಮತ ಹಾಕು ಎಂದು ಅವಳನ್ನು ಕರೆಯುವುದು ಬೇರೆ. ಆ ಕರೆ ಇತ್ತೋ ಇಲ್ಲವೋ ಎಂಬುದು ಪಟ್ಟಿ ಕಾಗದದ ಅಡಿಯಲ್ಲಿ ಮುಚ್ಚಿಹೋಗಿತ್ತು.

ತಿರುವು: ಪಟ್ಟಿಯನ್ನು ಕೀಳುವುದೋ ಬಿಡುವುದೋ

ಇಲ್ಲಿಂದ ಪ್ರಕರಣ ಕಾಗದ ಸಂರಕ್ಷಕಿಯ ಕೈಗೆ ಹೋಯಿತು. ಅವರು ಹೊರಗಿನಿಂದ ಬಂದು ಕೆಲಸ ಮಾಡುವವರು. ಸಂಗ್ರಹಾಧಿಕಾರಿಯ ಬೇಡಿಕೆ ನೇರವಾಗಿತ್ತು: ಆ ಪಟ್ಟಿ ಮೂಲ ಚಿತ್ರದ ಭಾಗವಲ್ಲ, ಯಾರೋ ಊರಿನವರು ಅಂಟಿಸಿದ್ದು, ತೇವ ಮಾಡಿ ಎಬ್ಬಿಸಿದರೆ ಅಡಿಯ ಅಕ್ಷರಗಳು ಕಾಣುತ್ತವೆ, ಚಿತ್ರವೂ ಮುಖಪುಟಕ್ಕೆ ಸ್ವಚ್ಛವಾಗಿ ಸಿಗುತ್ತದೆ. ಇಂಥ ಬೇಡಿಕೆಯನ್ನು ಬಹಳ ಕಡೆ ಪ್ರಶ್ನೆಯಿಲ್ಲದೆ ನೆರವೇರಿಸುತ್ತಾರೆ.

ಸಂರಕ್ಷಕಿ ಮೊದಲು ಹಾಳೆಯ ಅಂಚಿನಲ್ಲಿ ಒಂದು ಹನಿ ನೀರಿನಿಂದ ಪರೀಕ್ಷೆ ಮಾಡಿದರು. ಕಪ್ಪು ಗಟ್ಟಿಯಾಗಿತ್ತು, ಕೆಂಪು ಮಾತ್ರ ಒರೆಸುಕಾಗದಕ್ಕೆ ಒಂದಿಷ್ಟು ಹತ್ತಿತು. ಪಟ್ಟಿಯ ಒಂದು ತುದಿ ಕೆಂಪಿನ ಮೇಲೆಯೇ ಕೂತಿತ್ತು. ಕಾಗದವೋ ಆ ಕಾಲದ ಅಗ್ಗದ ಮರದ ತಿರುಳಿನದು. ಆಮ್ಲದಿಂದ ಕಂದಾಗಿ, ಮಡಿಕೆಗಳಲ್ಲಿ ಮುರಿಯುವಷ್ಟು ಸೆಡೆತುಕೊಂಡಿತ್ತು. ಪಟ್ಟಿಯನ್ನು ಎಬ್ಬಿಸಿದರೆ ಅಡಿಯ ಮುದ್ರಣದ ಮೇಲ್ಪದರವೂ ಜೊತೆಗೆ ಬರುವ ಅಪಾಯವಿತ್ತು. ಅವರು ಒಪ್ಪಲಿಲ್ಲ. ಅದರ ಬದಲು ಇನ್ನೊಂದು ಸಲಹೆ ಕೊಟ್ಟರು: ಹಿಂದಿನ ಆಮ್ಲೀಯ ರಟ್ಟನ್ನು ಹೇಗಿದ್ದರೂ ತೆಗೆಯಲೇಬೇಕು, ಏಕೆಂದರೆ ಅದು ಹಾಳೆಯನ್ನು ತಿನ್ನುತ್ತಿದೆ, ಅದನ್ನು ತೆಗೆದ ಮೇಲೆ ಹಾಳೆಯ ಹಿಂದಿನಿಂದ ಬೆಳಕು ಹಾಯಿಸಿ ನೋಡೋಣ.

ಈ ನಡುವಿನ ಕಾಯುವಿಕೆಯಲ್ಲಿ ಆ ಪಟ್ಟಿಯೇ ಮಾತಾಡಿತು. ದಾಖಲಾತಿಯ ಕೆಲಸಕ್ಕಾಗಿ ಅದರ ಮೇಲಿದ್ದ ಅಕ್ಷರಗಳನ್ನು ಪೂರ್ತಿಯಾಗಿ ಬರೆದುಕೊಳ್ಳುವಾಗ ವಾರವೂ ತಾರೀಖೂ ಎರಡೂ ಇವೆ ಎಂಬುದು ಗಮನಕ್ಕೆ ಬಂತು: ಜೂನ್ ತಿಂಗಳ ಕೊನೆಯ ವಾರದ ಒಂದು ಶುಕ್ರವಾರ. ಚುನಾವಣೆಗೆ ಕೆಲವು ದಿನ ಮುಂಚಿನ ಸಭೆ ಎಂದರೆ ಜುಲೈ ಆರಂಭದ ಚುನಾವಣೆ. 1918ರ ಜುಲೈ 3, 1922ರ ಜುಲೈ 5, 1925ರ ಜುಲೈ 1, ಈ ಮೂರೂ ಚುನಾವಣೆಗಳು ಬುಧವಾರವೇ ನಡೆದವು, ಆದರೆ ತಾರೀಖುಗಳು ಬೇರೆಬೇರೆಯಾದ್ದರಿಂದ ಅವುಗಳ ಹಿಂದಿನ ಶುಕ್ರವಾರಗಳ ತಾರೀಖೂ ಬೇರೆಬೇರೆ. ಕ್ಯಾಲೆಂಡರ್ ಹಿಡಿದು ನೋಡಿದಾಗ ಪಟ್ಟಿಯ ವಾರ ಮತ್ತು ತಾರೀಖು 1922ಕ್ಕೆ ಮಾತ್ರ ಹೊಂದಿದವು. ಕಿತ್ತು ಬಿಸಾಡಲು ಹೊರಟಿದ್ದ ಕಾಗದವೇ ಅಲ್ಲಿಯವರೆಗಿನ ಎಲ್ಲ ವಾದಗಳಿಗಿಂತ ಹೆಚ್ಚಿನದನ್ನು ಹೇಳಿತ್ತು.

ಇಲ್ಲಿಯೇ ನಿಂತುಬಿಡುವ ಆಸೆ ಎಲ್ಲರಿಗೂ ಇತ್ತು. ಆದರೆ ಪಟ್ಟಿ ಹೇಳುವುದು ಭಿತ್ತಿಪತ್ರವನ್ನು ಗೋಡೆಗೆ ಹಚ್ಚಿದ ವರ್ಷವನ್ನು, ಅಚ್ಚು ಹಾಕಿದ ವರ್ಷವನ್ನಲ್ಲ. 1918ರಲ್ಲಿ ಉಳಿದ ಹಾಳೆಗಳನ್ನು ಊರಿನ ಶಾಖೆಯವರು ಜೋಪಾನವಾಗಿಟ್ಟು, ಮುಂದಿನ ಚುನಾವಣೆಯಲ್ಲಿ ಹಳೆಯ ಸಾಲುಗಳ ಮೇಲೆ ಹೊಸ ಪಟ್ಟಿ ಅಂಟಿಸಿ ಬಳಸಿರಬಹುದಲ್ಲ? ಕಾಸು ಕಡಿಮೆಯಿದ್ದ ಪಕ್ಷದ ಶಾಖೆಗೆ ಅದು ಸಹಜವಾದ ನಡೆ. ಅಡಿಯಲ್ಲಿರುವ ಅಕ್ಷರಗಳನ್ನು ಓದಲೇಬೇಕಾಗಿತ್ತು.

ರಟ್ಟನ್ನು ಪದರಪದರವಾಗಿ, ಒಣಗಿದ್ದಾಗಲೇ, ತೆಳುವಾದ ಅಲಗಿನಿಂದ ಬಿಡಿಸಲಾಯಿತು. ಕೊನೆಯ ಪದರಕ್ಕೆ ಮಾತ್ರ ಮೀಥೈಲ್ ಸೆಲ್ಯುಲೋಸಿನ ಗಂಜಿ ಬಳಿದು, ಕೆಂಪಿಗೆ ತೇವ ತಗುಲದಂತೆ ಸ್ವಲ್ಪಸ್ವಲ್ಪವಾಗಿ ಅಂಟನ್ನು ಮೆದುಮಾಡಿ ತೆಗೆದರು. ಆಮೇಲೆ ಹಾಳೆಯನ್ನು ಬೆಳಕಿನ ಫಲಕದ ಮೇಲೆ ಇಟ್ಟು, ಎದುರಿನ ಬೆಳಕಿನಲ್ಲಿ ಒಂದು ಮತ್ತು ಹಿಂದಿನ ಬೆಳಕಿನಲ್ಲಿ ಒಂದು ಛಾಯಾಚಿತ್ರ ತೆಗೆದು, ಎರಡನ್ನೂ ಹೊಂದಿಸಿ, ಪಟ್ಟಿಯ ಮೇಲಿನ ಅಕ್ಷರಗಳನ್ನು ಗಣಕದಲ್ಲಿ ಕಳೆದಾಗ ಉಳಿದದ್ದು ಅಡಿಯ ಸಾಲುಗಳು. ಗಂಡಸರನ್ನೂ ಹೆಂಗಸರನ್ನೂ ಒಟ್ಟಿಗೆ ಸಂಬೋಧಿಸಿ ಮತಗಟ್ಟೆಗೆ ಬನ್ನಿ ಎಂದು ಅವು ಕರೆಯುತ್ತಿದ್ದವು.

ಹೆಂಗಸರಿಗೆ ಮತ ಹಾಕಲು ಬಾರದ 1918ರಲ್ಲಿ ಯಾವ ಪಕ್ಷವೂ ಹಾಗೆ ಕರೆಯಲು ಸಾಧ್ಯವಿರಲಿಲ್ಲ. ಅಕ್ಷರಗಳು 1919ರ ನಂತರದವು. ಹಿರಿಯ ಹಾನ್ ಆಗ ಬದುಕಿರಲಿಲ್ಲ.

ಉಳಿದ ಒಂದು ಅನುಮಾನ

ಸಂಗ್ರಹಾಧಿಕಾರಿ ಇನ್ನೊಂದು ಆಕ್ಷೇಪ ಎತ್ತಿದರು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತ್ಯುತ್ತಮ ಪ್ರಶ್ನೆ ಅದೇ. ತೀರಿಕೊಂಡ ಪ್ರಸಿದ್ಧ ಕಲಾವಿದನ ಹಳೆಯ ಚಿತ್ರವನ್ನು ತೆಗೆದುಕೊಂಡು, ಹೊಸ ಅಕ್ಷರಗಳನ್ನು ಸೇರಿಸಿ ಪಕ್ಷ ಮತ್ತೆ ಅಚ್ಚು ಹಾಕಿಸಿರಬಾರದೇಕೆ? ಹಾನ್‌ರ ಹೆಸರಿಗೆ 1922ರಲ್ಲಿಯೂ ಬೆಲೆಯಿತ್ತು.

ಆಗ ನಿವೃತ್ತ ಮುದ್ರಕರ ಮೊದಲ ದಿನದ ಟಿಪ್ಪಣಿಯನ್ನು ಮತ್ತೆ ತೆರೆಯಲಾಯಿತು. ಪಟ್ಟಿಯ ಆಚೆ ಕಾಣುತ್ತಿದ್ದಷ್ಟು ಕೆಳಗಿನ ಸಾಲುಗಳ ಕಪ್ಪು ಮತ್ತು ಆಕೃತಿಯ ಹೊರಗೆರೆಯ ಕಪ್ಪು ಒಂದೇ ಕಲ್ಲಿನದೆಂದು, ಎರಡರಲ್ಲಿಯೂ ಬಳಪದ ಕಣ ಒಂದೇ ಬಗೆಯದೆಂದು ಅವರು ಬರೆದಿದ್ದರು. ಹಿಂಬೆಳಕಿನ ಚಿತ್ರದಲ್ಲಿ ಇನ್ನೊಂದು ಅಂಶ ಕಂಡಿತು: ಹೆಂಗಸಿನ ಸೆರಗಿನಂಥ ಉಡುಪಿನ ಅಂಚು ಅಕ್ಷರಗಳ ಸಾಲಿಗೆ ಜಾಗ ಬಿಟ್ಟು ಬಾಗಿದೆ, ಒಂದು ಅಕ್ಷರ ಅವಳ ಪಾದದ ಹಿಂದಕ್ಕೆ ಸರಿದು ನಿಂತಿದೆ. ಅಕ್ಷರ ಮತ್ತು ಆಕೃತಿಯನ್ನು ಒಟ್ಟಿಗೆ ಯೋಚಿಸಿ ಬರೆದ ಹಾಳೆ ಅದು, ಹಳೆಯ ಚಿತ್ರಕ್ಕೆ ಹೊಸ ಸಾಲು ಜೋಡಿಸಿದ್ದಲ್ಲ. ಹಿರಿಯರು ಬಿಟ್ಟುಹೋದ ಕರಡನ್ನು ನೋಡಿಕೊಂಡು ಕಿರಿಯರು ಬರೆದಿರುವ ಸಾಧ್ಯತೆಯನ್ನು ಇದು ಅಲ್ಲಗಳೆಯುವುದಿಲ್ಲ. ಆದ್ದರಿಂದ ಸಂಗ್ರಹಾಲಯದ ದಾಖಲೆಯಲ್ಲಿ 'ಆಲ್ಬರ್ಟ್ ಹಾನ್ ಜೂನಿಯರ್ ಅವರದೆಂದು ಊಹಿಸಲಾಗಿದೆ; 1919ರ ನಂತರ, ಬಹುಶಃ 1922' ಎಂದು ದಾಖಲಿಸಲಾಯಿತು.

ಏನಾಯಿತು

ಹಕ್ಕಿನ ವಿಷಯದಲ್ಲಿ ಸಂಸ್ಥೆ ಎಚ್ಚರಿಕೆಯ ದಾರಿ ಹಿಡಿಯಿತು. 'ಊಹಿಸಲಾಗಿದೆ' ಎಂಬ ಪದದ ನೆರಳಿನಲ್ಲಿ ನಿಂತು ಚೀಲ ಅಚ್ಚು ಹಾಕಿಸಬಹುದಲ್ಲ ಎಂದು ಆಡಳಿತ ಮಂಡಳಿಯಲ್ಲಿ ಒಬ್ಬರು ಕೇಳಿದರು. ಹಕ್ಕು ಜೀವಂತವಾಗಿರಬಹುದೆಂಬ ಪ್ರಬಲ ಕಾರಣವಿದ್ದಾಗ, ಇಲ್ಲವೆಂದು ನಡೆದುಕೊಳ್ಳುವುದು ಕಲಾವಿದನಿಗೂ ವಾರಸುದಾರರಿಗೂ ಮಾಡುವ ಅನ್ಯಾಯ ಎಂಬ ಮಾತು ಗೆದ್ದಿತು. ಅನುಮತಿ ಪಡೆಯಲು ಸಮಯವಿರಲಿಲ್ಲ. ಮಾರುವ ವಸ್ತುಗಳಿಗೂ ಮುಖಪುಟಕ್ಕೂ ಹಿರಿಯ ಹಾನ್‌ರ 1903ರ ರೈಲ್ವೆ ಮುಷ್ಕರದ ಚಿತ್ರವನ್ನು ಬಳಸಲಾಯಿತು. ವಿನ್ಯಾಸಕಾರರ ಆವರೆಗಿನ ಕೆಲಸ ವ್ಯರ್ಥವಾಯಿತು, ಮತ್ತು ಅದರ ಖರ್ಚು ಸಣ್ಣ ಸಂಸ್ಥೆಗೆ ಹಗುರವಾಗಿರಲಿಲ್ಲ. ಕಲಾವಿದನ ಹೆಸರಿನ ಅಂಕಣ ಖಾಲಿಯಿರುವಾಗಲೇ ಚಿತ್ರವನ್ನು ವಿನ್ಯಾಸಕ್ಕೆ ಕಳುಹಿಸಿದ್ದು ಇದಕ್ಕೆ ಕಾರಣ. ಪಟ್ಟಿ ಮಾಡುವ ಕೆಲಸ ಮುಗಿದ ಮೇಲೆಯೇ ಯಾವುದೇ ಚಿತ್ರ ಹೊರಹೋಗಬೇಕೆಂಬ ನಿಯಮ ಅಂದಿನಿಂದ ಅಲ್ಲಿ ಜಾರಿಯಲ್ಲಿದೆ.

ಪ್ರದರ್ಶನದ ಕಥೆ ಬದಲಾದದ್ದು ಮಾತ್ರ ಲಾಭವೆಂದೇ ಹೇಳಬೇಕು. 1917ರಲ್ಲಿ ಮುಗಿಯಬೇಕಾಗಿದ್ದ ಕಥೆಯನ್ನು 1922ಕ್ಕೆ ಮುಂದುವರಿಸಲಾಯಿತು. ಗಂಡಸರಿಗೆ ಮತ ಸಿಕ್ಕ ವರ್ಷವನ್ನೇ 'ಎಲ್ಲರಿಗೂ ಮತ ಸಿಕ್ಕ ವರ್ಷ' ಎಂದು ಕರೆಯಲು ಹೊರಟಿದ್ದ ಫಲಕವನ್ನು ತಿದ್ದಲಾಯಿತು. ಹಿಂದೆ ನಿಂತ ಹೆಂಗಸೇ ಕೊನೆಗೆ ಆ ಭಿತ್ತಿಪತ್ರದ ಮುಖ್ಯ ವ್ಯಕ್ತಿಯಾದಳು: ಮೊದಲ ಸಲ ಮತಪೆಟ್ಟಿಗೆಯ ಮುಂದೆ ನಿಲ್ಲುವವಳು ಅವಳೇ, ಕೈಯೆತ್ತಿ ಹಿಡಿದವನಲ್ಲ. ಚಿತ್ರಕಾರ ಅವಳನ್ನು ಅರ್ಧ ಹೆಜ್ಜೆ ಹಿಂದೆ ನಿಲ್ಲಿಸಿದ್ದು ಆ ಕಾಲದ ಪಕ್ಷದ ಮನಸ್ಸನ್ನು ಎಷ್ಟು ಪ್ರಾಮಾಣಿಕವಾಗಿ ತೋರಿಸುತ್ತದೆ ಎಂಬುದನ್ನು ನೋಡುಗರೇ ಗುರುತಿಸಿ ಹೇಳಿದರು.

ಹಾಳೆಯನ್ನು ಜಪಾನೀ ಕಾಗದದ ಮೇಲೆ ಗೋಧಿಗಂಜಿಯಿಂದ ಹಚ್ಚಿ, ಪಟ್ಟಿಯನ್ನು ಇದ್ದಲ್ಲಿಯೇ ಉಳಿಸಿ, 50 ಲಕ್ಸ್ ಮೀರದ ಬೆಳಕಿನಲ್ಲಿ ತೋರಿಸಲಾಯಿತು. ಪಕ್ಕದಲ್ಲಿ ಹಿಂಬೆಳಕಿನ ಛಾಯಾಚಿತ್ರ ಇಟ್ಟಿದ್ದರಿಂದ ಪಟ್ಟಿಯ ಮೇಲಿನದು ಮತ್ತು ಅಡಿಯದು ಎರಡನ್ನೂ ಓದಬಹುದಿತ್ತು. ಹರಿದ ಮೂಲೆಯನ್ನು ಬಣ್ಣ ಹಚ್ಚಿ ತುಂಬಲಿಲ್ಲ. ಅಲ್ಲಿ ಬರಿಯ ಹಿನ್ನೆಲೆಯ ಕಾಗದ ಕಾಣುವಂತೆ ಬಿಡಲಾಯಿತು.

ಇಂಥ ಕೆಲಸ ಮಾಡುವವರಿಗೆ ಈ ಪ್ರಕರಣದಿಂದ ಮುಖ್ಯವಾಗಿ ಎರಡು ವಿಷಯ ತಿಳಿಯುತ್ತದೆಂದು ನಾನು ಭಾವಿಸುತ್ತೇನೆ. ರಾಜಕೀಯ ಭಿತ್ತಿಪತ್ರ ಯಾರನ್ನು, ಯಾವ ದಿನಕ್ಕಾಗಿ, ಏನು ಮಾಡಿ ಎಂದು ಕರೆಯುತ್ತದೆ ಎಂಬುದನ್ನು ಮೊದಲು ಓದಬೇಕು. ಗೆರೆಯ ಚೆಲುವನ್ನು ಆಮೇಲೆ ನೋಡಿದರೂ ನಡೆಯುತ್ತದೆ, ಏಕೆಂದರೆ ಕಾನೂನು ಬದಲಾದ ವರ್ಷಗಳು ಗುರುಶಿಷ್ಯರ ಕೈಗಳಂತೆ ಒಂದರಲ್ಲೊಂದು ಬೆರೆಯುವುದಿಲ್ಲ. ಮತ್ತು ಹಾಳೆಯ ಮೇಲೆ ಆಮೇಲೆ ಅಂಟಿದ ಯಾವುದನ್ನೂ, ಅದರಲ್ಲಿರುವುದನ್ನು ಪೂರ್ತಿ ಬರೆದುಕೊಳ್ಳುವ ಮೊದಲು, ಕಸವೆಂದು ಕರೆಯಬಾರದು.

ದಾಖಲೆಯಲ್ಲಿ ಸಾಕ್ಷ್ಯಗಳನ್ನು ಒಟ್ಟುಮಾಡದೆ ಬೇರೆಬೇರೆಯಾಗಿ ಬರೆದಿಡಲಾಗಿದೆ: ಸಹಿ ಮತ್ತು ಅದು ಹರಿದಿರುವ ರೀತಿ, ಪಟ್ಟಿಯ ವಾರ ಮತ್ತು ತಾರೀಖು, ಅಡಿಯ ಸಾಲುಗಳ ಸಂಬೋಧನೆ, ಕಲ್ಲಿನ ಕಣ. ಅದೇ ಭಿತ್ತಿಪತ್ರದ ಇನ್ನೊಂದು ಪ್ರತಿ, ಮೂಲೆ ಉಳಿದಿರುವಂಥದ್ದು, ಬೇರಾವುದಾದರೂ ಊರಿನ ಕಾರ್ಮಿಕ ಕುಟುಂಬದ ಕಾಗದಗಳಲ್ಲಿ ಇದ್ದೀತೆಂದು ಹುಡುಕಾಟ ನಡೆದಿದೆ. ಅದು ಸಿಕ್ಕಿ ಸಹಿ ಬೇರೆಯೇ ಆಗಿದ್ದರೆ, ಯಾವ ಸಾಲನ್ನು ಅಳಿಸಬೇಕು, ಯಾವುದು ಹಾಗೆಯೇ ನಿಲ್ಲುತ್ತದೆ ಎಂಬುದು ಆ ದಾಖಲೆಯನ್ನು ಮುಂದೆ ತೆರೆಯುವವರಿಗೆ ಕೂಡಲೇ ತಿಳಿಯುತ್ತದೆ.